ಕಿಟಕಿಯ ಕೆಳಗಿನ ಗಂಧರಾಜ

ನಡುಮನೆಯಲ್ಲಿ ಊಟದ ಮೇಜಿತ್ತು, ಸುತ್ತ ಕುರ್ಚಿಗಳಿದ್ದವು. ಆದರೂ ಆ ಮನೆಯವರು ಅಡುಗೆಮನೆಯ ನೆಲದ ಮೇಲೆ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ಕೂತು ಉಣ್ಣುತ್ತಿದ್ದರು. ನಡುಮನೆಗೆ ಅಂಟಿಕೊಂಡೇ ಮಾವನ ಕೋಣೆ. ಅಲ್ಲಿಂದ ಬರುವ ವಾಸನೆಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಫಿನೈಲ್ ಹಾಕಿ ಒರೆಸಿದರೆ ಒಂದು ವಾಸನೆ ಇದ್ದದ್ದು ಎರಡಾಗುತ್ತಿತ್ತು, ಅಷ್ಟೆ.

ಮಾವ ಟೈಲರ್. ಬೀದಿಯ ಮೂಲೆಯ ಅಂಗಡಿಯಲ್ಲಿ ಆಯುಷ್ಯವೆಲ್ಲ ಮಿಷನ್ ತುಳಿದವರು. ಸಕ್ಕರೆ ಕಾಯಿಲೆ ಹಳೆಯದು. ಅದರ ಮೇಲೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಮಂಚ ಹಿಡಿದರು. ಮಾತು ಸ್ವಲ್ಪ ತೊದಲು, ಬುದ್ಧಿ ಮಾತ್ರ ಕತ್ತರಿಯ ಹಾಗೆ ಚುರುಕು. ಅದೇ ಅವರ ದುರದೃಷ್ಟ. ಮನೆಯವರು ಮೂಗು ಮುಚ್ಚಿಕೊಂಡು ಆಡುವ ಮಾತೆಲ್ಲ ಅವರ ಕಿವಿಗೆ ಬೀಳುತ್ತಿತ್ತು.

ಅವರ ಮೈ ಒರೆಸುವುದಕ್ಕೆ, ಹಾಸಿಗೆ ಬದಲಿಸುವುದಕ್ಕೆ ಆ ಮನೆಯಲ್ಲಿ ಹೊತ್ತುಗೊತ್ತು ಅಂತ ಇರಲಿಲ್ಲ. ಮೂಗೇ ಗಡಿಯಾರ. ಯಾರ ಮೂಗಿಗೆ ಮೊದಲು ಬಡಿಯುತ್ತದೋ ಅವರು ಕೂಗು ಹಾಕುತ್ತಿದ್ದರು. ಸೊಸೆಯೋ ಅತ್ತೆಯೋ ಬಕೆಟ್ಟು ಹಿಡಿದು ಹೋಗುತ್ತಿದ್ದರು. ಯಾರು ಹೋಗಬೇಕು ಅನ್ನುವುದಕ್ಕೇ ದಿನಾ ಒಂದು ಜಗಳ. ಅತ್ತೆಗೆ ಮಂಡಿನೋವು. ಸೊಸೆಗೆ ನರ್ಸರಿಯ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಕವರಿಗೆ ಮಣ್ಣು ತುಂಬಿ, ಸಸಿ ನೆಟ್ಟು, ಕುಂಡ ಹೊತ್ತು ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತಿತ್ತು.

"ಬೆಳಿಗ್ಗೆಯಿಂದ ನಾನೇ ಮಾಡಿದೀನಿ, ಈಗ ನೀನು ಹೋಗು," ಅನ್ನುವರು ಅತ್ತೆ.

"ಬೆಳಿಗ್ಗೆ ಹೋಗೋ ಮುಂಚೆ ಒರೆಸಿದ್ದು ಯಾರತ್ತೆ, ಪಕ್ಕದ ಮನೆಯವರಾ?" ಅನ್ನುವಳು ಸೊಸೆ.

ಆಮೇಲೆ ಇಬ್ಬರೂ ಮಾತು ಬಿಡುವರು. ಏನಾದರೂ ಹೇಳಬೇಕಿದ್ದರೆ ಮೊಮ್ಮಗಳ ಮೂಲಕ. "ಗುಬ್ಬೀ, ನಿಮ್ಮಜ್ಜಿಗೆ ಹೇಳು, ಗಂಜಿ ಆಗಿದೆ ಅಂತ." ಅಜ್ಜಿ ಎರಡು ಮಾರು ದೂರದಲ್ಲೇ ಇರುತ್ತಿದ್ದರು.

ಒಂದು ಭಾನುವಾರ ಸೊಸೆಯ ಗಂಡ ಊಟಕ್ಕೆ ಕೂತವನು ತಟ್ಟೆ ಸರಿಸಿದ. ಗೋಡೌನಿನಲ್ಲಿ ಮೇಲ್ವಿಚಾರಕ, ಮೂಟೆ ಎಣಿಸಿ ಎಣಿಸಿ ಮನುಷ್ಯರನ್ನೂ ಮೂಟೆಯ ಲೆಕ್ಕದಲ್ಲೇ ನೋಡುವ ಅಭ್ಯಾಸ.

"ನಾನು ಒಂದು ಕಡೆ ವಿಚಾರಿಸ್ಕೊಂಡು ಬಂದಿದೀನಿ," ಅಂದ. "ವಯಸ್ಸಾದವರನ್ನ ನೋಡ್ಕೊಳ್ಳೋ ಮನೆ. ಈಗ ಜಾಗ ಇಲ್ವಂತೆ. ಮಂಚ ಖಾಲಿಯಾದ ತಕ್ಷಣ ಫೋನ್ ಮಾಡ್ತಾರೆ."

"ಮಂಚ ಹೇಗ್ರೀ ಖಾಲಿ ಆಗತ್ತೆ?" ಅಂದಳು ಹೆಂಡತಿ.

"ಹೇಗಾದ್ರೂ ಆಗತ್ತೆ. ನಮಗ್ಯಾಕೆ?"

ಅತ್ತೆ ತಟ್ಟೆಯನ್ನು ಮತ್ತೆ ಮಗನ ಮುಂದೆ ಸರಿಸಿದರು. ಗುಬ್ಬಿ ಅನ್ನ ಕಲಸುತ್ತ ಕೂತಿತ್ತು. ಶಾಲೆಯ ಗೆಳತಿಯರು ಮನೆಗೆ ಬರುವುದು ನಿಂತು ಹೋಗಿತ್ತು, ಆ ಸಿಟ್ಟು ಅದಕ್ಕೂ ಇತ್ತು. ಸೊಸೆಯೊಬ್ಬಳಿಗೇ ಆ ಮಾತು ಹಿಡಿಸಲಿಲ್ಲ. ಈ ಮನೆಗೆ ಕಾಲಿಟ್ಟಾಗಿನಿಂದ ಅವಳನ್ನು 'ತಾಯಿ' ಎಂದು ಕರೆದವರು ಮಾವ ಒಬ್ಬರೇ. ನರ್ಸರಿ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಮನೆಯೆಲ್ಲ ಹಾರಾಡಿದರೆ, "ಹೋಗಲಿ ಬಿಡಿ, ಮಣ್ಣಿನ ಕೆಲಸ, ಕಳ್ಳತನ ಏನಲ್ಲವಲ್ಲ," ಎಂದು ಬಾಯಿ ಮುಚ್ಚಿಸಿದವರೂ ಅವರೇ. ಆ ಮನುಷ್ಯನನ್ನು ಮೂಟೆ ಕಟ್ಟಿ ಕಳಿಸುವುದಾ?

"ವಾಸನೆ ತಾನೇ ನಿಮಗೆ ಕಷ್ಟ? ಅದಕ್ಕೊಂದು ದಾರಿ ಮಾಡ್ತೀನಿ. ಅಲ್ಲಿವರೆಗೂ ಸುಮ್ನಿರಿ," ಅಂದಳು.

"ಮಾಡು ನೋಡೋಣ. ಮಂಚ ಖಾಲಿ ಆಗೋವರೆಗೂ ಟೈಮಿದೆ ನಿಂಗೆ."

ಕೋಣೆಯಿಂದ ಮಾವ ಕೆಮ್ಮಿದರು. ಎಲ್ಲ ಕೇಳಿಸಿಕೊಂಡಿದ್ದೇನೆ ಎಂದು ಹೇಳುವ ಕೆಮ್ಮು ಅದು.

ನರ್ಸರಿಯ ಹಿಂಭಾಗದಲ್ಲಿ, ಸಾಯುವ ಗಿಡಗಳನ್ನು ಒಟ್ಟುವ ಜಾಗದಲ್ಲಿ, ಒಂದು ದೊಡ್ಡ ಗಂಧರಾಜ ಬಿದ್ದಿತ್ತು. ಯಾರೋ ಕೊಂಡವರು ಎಲೆಯೆಲ್ಲ ಹಳದಿಯಾಯಿತು ಎಂದು ಜಗಳ ಮಾಡಿ ತಂದಿಟ್ಟು ಹೋಗಿದ್ದರು. ಎದೆಯುದ್ದ ಗಿಡ; ತುದಿಗಳಲ್ಲಿ ತಿರುಚಿದ ಹಸಿರು ಮೊಗ್ಗು. ವರ್ಷವೆಲ್ಲ ಎಲೆ ಉದುರಿಸದ ಜಾತಿ, ಹೂವಿನ ಪರಿಮಳವೋ ಬೀದಿಗೇ ಹರಡುವಂಥದ್ದು. ನರ್ಸರಿಯ ಯಜಮಾನರನ್ನು ಕೇಳಿದಳು.

"ತಗೊಂಡು ಹೋಗಮ್ಮ, ಹೇಗೂ ಎಸೆಯೋದೇ," ಅಂದರು. "ಆದ್ರೆ ಈ ಗಿಡ ಭಾರಿ ಮುನಿಸುಗಾರ. ಜಾಗ ಬದಲಾದ್ರೆ ಮೊಗ್ಗೆಲ್ಲ ಉದುರಿಸ್ಕೊಂಡು ಕೂತ್ಕೊಳ್ಳತ್ತೆ."

"ನಮ್ಮನೇಲಿ ಎಲ್ಲರೂ ಅದೇ ಜಾತಿ ಬಿಡಿ, ಹೊಂದ್ಕೊಳ್ಳತ್ತೆ," ಅಂದಳು.

ಮಾವನ ಕೋಣೆಯ ಕಿಟಕಿಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ನೆಲ. ಅಗೆದರೆ ಬರೀ ಮನೆ ಕಟ್ಟಿದ ಕಾಲದ ಗಾರೆ, ಇಟ್ಟಿಗೆ ಚೂರು. ಗಂಧರಾಜಕ್ಕೆ ಸಿಮೆಂಟಿನ ಸುಣ್ಣ ಆಗಿಬರುವುದಿಲ್ಲ, ಹುಳಿಮಣ್ಣು ಬೇಕು. ಗಾರೆಯನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹಾಕಿ, ಕೊಳೆತ ಎಲೆಗೊಬ್ಬರ ತುಂಬಿ, ಗಿಡ ಇಟ್ಟಳು. ಎಲೆಯ ಹಳದಿಗೆ ಮದ್ದು ಅಂತ ಅನ್ನಭೇದಿಯ, ಅಂದರೆ ಕಬ್ಬಿಣದ ಉಪ್ಪಿನ, ಪುಡಿಯನ್ನು ನೀರಿನಲ್ಲಿ ಕದಡಿ ಹಾಕಿದಳು. ಚಹಾ ಸೋಸಿದ ಚರಟವನ್ನು ಗಿಡದ ಬುಡಕ್ಕಲ್ಲದೆ ಬೇರೆಲ್ಲೂ ಚೆಲ್ಲಕೂಡದೆಂದು ಆಜ್ಞೆಯಾಯಿತು.

"ಮನುಷ್ಯನಿಗೆ ಮದ್ದು ತರೋಕೆ ಯಾರಿಗೂ ಪುರುಸೊತ್ತಿಲ್ಲ, ಗಿಡಕ್ಕೆ ಉಪಚಾರ ನೋಡು," ಅಂದರು ಅತ್ತೆ ಗೋಡೆಯ ಕಡೆ ತಿರುಗಿ.

ಯಜಮಾನರು ಹೇಳಿದಂತೆಯೇ ಆಯಿತು. ವಾರದೊಳಗೆ ಮೊಗ್ಗು ಒಂದೊಂದಾಗಿ ಕಪ್ಪಾಗಿ ಉದುರಿದವು. ಗಂಡ ನಕ್ಕ. ಮಾವ ಮಾತ್ರ ಕಿಟಕಿಯಲ್ಲಿ ಕಾಣುವ ಆ ನಾಲ್ಕು ಟೊಂಗೆಗಳನ್ನೇ ನೋಡುತ್ತ ಮಲಗಿರುತ್ತಿದ್ದರು.

"ಗಿರಾಕಿ ಹೇಗಿದಾನೆ ತಾಯಿ ಇವತ್ತು?" ಎಂದು ತೊದಲುತ್ತ ಕೇಳುವರು.

"ಎಲೆ ನರ ಹಸಿರಾಗ್ತಾ ಇದೆ ಮಾವ. ಬದುಕ್ಕೋತಾನೆ."

"ಬೇಗ ಡೆಲಿವರಿ ಕೊಡೋಕೆ ಹೇಳು. ಆ ಮಂಚ ಖಾಲಿ ಆಗೋದ್ರೊಳಗೆ."

ತಮಾಷೆಗೆ ಅಂದದ್ದೇ. ಆದರೆ ಅವಳಿಗೆ ನಗು ಬರಲಿಲ್ಲ. ದಿನಾ ಬೆಳಿಗ್ಗೆ ಎದ್ದವಳೇ ಮೊದಲು ಗಿಡದ ಹತ್ತಿರ ಹೋಗಿ, ಒಂದೊಂದು ಎಲೆಯನ್ನೂ ಮಗುಚಿ ನೋಡಿ, ಅಡಿಯಲ್ಲಿ ಕೂತ ಬಿಳಿ ಹೇನನ್ನು ಬಟ್ಟೆಯಿಂದ ಒರೆಸಿ ತೆಗೆಯುವಳು. ಮೂಗಿನ ಗಡಿಯಾರ ಬಾರಿಸಿದಾಗ ಮಾವನ ಹಾಸಿಗೆಯ ಕಡೆಗೂ ಓಡುವಳು.

ಮಳೆ ಶುರುವಾದ ಮೇಲೆ ಹೊಸ ಚಿಗುರು ಬಂತು, ಚಿಗುರಿನ ಬೆನ್ನಿಗೆ ಮೊಗ್ಗು ಬಂತು. ಈ ಸಲ ಉದುರಲಿಲ್ಲ. ಒಂದು ಸಂಜೆ ಗುಬ್ಬಿ ಶಾಲೆಯಿಂದ ಬಂದು ಬ್ಯಾಗು ಎಸೆದದ್ದೇ ನಡುಮನೆಯಲ್ಲಿ ನಿಂತುಬಿಟ್ಟಿತು.

"ಅಮ್ಮಾ! ಏನಿದು ಘಮ?"

ಕೈಯಗಲದ ಹಾಲುಬಿಳಿ ಹೂ, ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಅರಳಿತ್ತು. ಮಾರನೆಯ ದಿನ ಇನ್ನೂ ನಾಲ್ಕು. ಆ ವಾರ ಮುಗಿಯುವಷ್ಟರಲ್ಲಿ ಗಿಡದ ತುಂಬ. ಮನೆ ಘಂ ಎನ್ನುತ್ತಿತ್ತು. ಗಂಡ ಗೋಡೌನಿನಿಂದ ಬಂದವನು ಅಡುಗೆಮನೆಗೆ ಹೋಗದೆ ಮೇಜಿನ ಮುಂದೆ ಕುರ್ಚಿ ಎಳೆದು ಕೂತ. "ಇಲ್ಲೇ ಬಡಿಸು," ಅಂದ. ಎಷ್ಟೋ ಕಾಲದ ಮೇಲೆ ಆ ಮೇಜಿಗೆ ತಟ್ಟೆ ಬಂದವು. ಗುಬ್ಬಿಯಂತೂ ಪುಸ್ತಕ ಹೊತ್ತುಕೊಂಡು ತಾತನ ಕೋಣೆಗೇ ಬಿಡಾರ ಬದಲಿಸಿತು. ಮಂಚದ ತುದಿಯಲ್ಲಿ ಕೂತು ಲೆಕ್ಕ ಮಾಡುವುದು, ತಾತನಿಗೆ ಪಾಠ ಒಪ್ಪಿಸುವುದು. ತಾತ ಸುಮ್ಮನೆ ತಪ್ಪು ಹೇಳಿ ಅದರಿಂದ ಬೈಸಿಕೊಳ್ಳುವುದು.

ನಾದಿನಿ ಒಂದು ದಿನ ಬಂದವಳು ಬಾಗಿಲಲ್ಲೇ ಮೂಗರಳಿಸಿದಳು. ಅಪ್ಪನನ್ನು ಒಂದು ವಾರ ಇಟ್ಟುಕೋ ಅಂದರೆ ನೂರು ನೆವ ಹೇಳುವವಳು. "ಅತ್ತಿಗೆ, ನಿಮ್ಮ ಕೈಗುಣ ಅಂದ್ರೆ ಕೈಗುಣ! ಅಪ್ಪ ಎಷ್ಟು ಲಕ್ಷಣವಾಗಿದಾರೆ," ಅಂದು, ಬಾಗಿಲ ಬಳಿಯೇ ನಿಂತು ನೋಡಿ, ಹೂ ಕಿತ್ತುಕೊಂಡು ಹೋದಳು.

ಆ ವಾರವೇ ಫೋನು ಬಂತು. ಮಂಚ ಖಾಲಿಯಾಗಿತ್ತು. ಗಂಡ ಊಟ ಮಾಡುತ್ತಲೇ ಮಾತಾಡಿದ. "ಸದ್ಯಕ್ಕೆ ಬೇಡ ಬಿಡಿ. ಬೇರೆ ಯಾರಿಗಾದ್ರೂ ಕೊಡಿ," ಅಂದು ಇಟ್ಟ. ಸೊಸೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗೆದ್ದೆ ಅನ್ನಿಸಿತು. ಮೈ ಹಗುರಾಯಿತು. ಕೋಣೆಗೆ ಹೋಗಿ ಹೇಳಿದರೆ ಮಾವ ಎಡಗೈ ಎತ್ತಿ ಅವಳ ತಲೆಯ ಮೇಲಿಟ್ಟರು.

"ಇನ್ನು ಕೆಟ್ಟ ವಾಸನೆ ಬರಲ್ಲ ತಾಯಿ," ಅಂದರು. "ನಾನು ನೋಡ್ಕೋತೀನಿ."

ಅದೇನು ಮಾತು ಎಂದು ಅವಳು ಕೇಳಲಿಲ್ಲ. ಸಂತೋಷದಲ್ಲಿದ್ದವರಿಗೆ ಕಿವಿ ಮಂದ.

ವಾಸನೆ ನಿಂತ ಮೇಲೆ ಕೂಗುವವರೂ ನಿಂತರು. ಮನೆಯಲ್ಲಿ ಜಗಳ ಕಡಿಮೆಯಾಯಿತು. ಅತ್ತೆ ಮಧ್ಯಾಹ್ನ ಕಣ್ಣುತುಂಬ ನಿದ್ದೆ ಮಾಡಿದರು. ನರ್ಸರಿಯಲ್ಲಿ ಮಳೆಗಾಲದ ವ್ಯಾಪಾರ ಜೋರು; ಸೊಸೆ ಸಂಜೆಯವರೆಗೂ ನಿಲ್ಲತೊಡಗಿದಳು. ಮೇಲಿನ ಹೊದಿಕೆ ಬದಲಿಸುವುದು, ಮಗ್ಗುಲಿಗೆ ಒರಗಿಸಿ ಉಚ್ಚೆಯ ಬಟ್ಟೆ ತೆಗೆಯುವುದು, ಮುಖ ಒರೆಸುವುದು ನಡೆದೇ ಇತ್ತು. ಅದರಾಚೆಗೆ ಕೆದಕಿ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ.

"ಕಾಲಿಗೆ ಚಳಿ ತಾಯಿ. ಕಾಲುಚೀಲ ಇದ್ರೆ ಕೊಡು," ಅಂದರು ಮಾವ ಒಂದು ಬೆಳಿಗ್ಗೆ.

ಗಂಡನ ಹಳೆಯ ಉಣ್ಣೆ ಕಾಲುಚೀಲ ತಂದಳು. ಬಸ್ಸಿಗೆ ಹೊತ್ತಾಗಿತ್ತು. "ಇರಿ, ಹಾಕ್ತೀನಿ."

"ಇಟ್ಟು ಹೋಗು, ಗುಬ್ಬಿ ಹಾಕತ್ತೆ. ನಿಂಗೆ ಬಸ್ಸು ಹೋಗತ್ತೆ."

ಇಟ್ಟು ಓಡಿದಳು. ಇನ್ನೊಂದು ದಿನ ಬಿಸಿನೀರು ಹಿಡಿದು ಬಂದು, "ಇವತ್ತು ಕಾಲೆಲ್ಲ ತೊಳೀತೀನಿ ಮಾವ," ಅಂದಾಗ ಅವರು ತಲೆಯಾಡಿಸಿದರು.

"ಈಗ ತಾನೇ ನಿಮ್ಮತ್ತೆ ತೊಳೆದ್ಲು. ಇನ್ನೂ ಹಸಿ ಆರಿಲ್ಲ."

ಅತ್ತೆ ಬಟ್ಟೆ ಹಿಡಿದು ಹೋದರೆ, "ಸೊಸೆ ಒರೆಸಿ ಹೋದ್ಲು ಕಣೇ. ಎಷ್ಟು ಸಲ ಒರೆಸ್ತೀರಿ, ಚರ್ಮ ಕಿತ್ತು ಬರತ್ತೆ," ಅನ್ನುವರು. ಅತ್ತೆ ಸೊಸೆ ಒಂದೇ ಒಂದು ಸಲ ಎದುರಾಬದುರು ನಿಂತು 'ನೀನು ತೊಳೆದ್ಯಾ' ಎಂದು ಕೇಳಿದ್ದರೆ ಸಾಕಿತ್ತು. ಆದರೆ ಕೇಳಿದರೆ ಹಳೆಯ ಜಗಳ ಎದ್ದು ಕೂರುತ್ತದೆ, ಯಾರಿಗೆ ಬೇಕು ಉಸಾಬರಿ? ಅವಳು ಮಾಡಿದಾಳೆ ಅಂದರೆ ನನಗೊಂದು ಕೆಲಸ ಕಮ್ಮಿ. ಇಬ್ಬರೂ ಹಾಗೇ ಅಂದುಕೊಂಡರು. ಮನೆಯ ನೆಮ್ಮದಿ ಅನ್ನುವುದು ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ಗಿಡಕ್ಕೂ ಒಂದು ಸರದಿ ಇದೆ. ಹೂವಿನ ಮೊದಲ ಸುತ್ತು ಮುಗಿಯುತ್ತ ಬಂತು. ಹಳೆಯವು ಕಂದಿ ಉದುರಿ, ಗಿಡದಲ್ಲಿ ಎಳೆ ಮೊಗ್ಗು ಮಾತ್ರ ಉಳಿದವು. ಒಂದು ರಜೆಯ ದಿನ ಬೆಳಿಗ್ಗೆ ಸೊಸೆ ಎಲೆ ನೋಡಲು ಹೋದರೆ ಗುಬ್ಬಿ ಫ್ರಾಕಿನ ಮಡಿಲಿಗೆ ಆ ಮೊಗ್ಗುಗಳನ್ನೂ ತರಿದು ಹಾಕಿಕೊಳ್ಳುತ್ತಿತ್ತು. ಕಷ್ಟಪಟ್ಟು ಬೆಳೆಸಿದವಳು, ಮೈಯೆಲ್ಲ ಉರಿಯಿತು.

"ಬುದ್ಧಿ ಇದೆಯೇನೇ ನಿಂಗೆ? ಮೊಗ್ಗು ಯಾಕೆ ಕಿತ್ತೆ?"

"ತಾತ ಹೇಳಿದ್ರು. ಹೂ ಇಲ್ದಿದ್ರೆ ಮೊಗ್ಗಾದ್ರೂ ತಾ ಅಂದ್ರು."

"ಮೊಗ್ಗು ಇಟ್ಕೊಂಡು ಏನು ಮಾಡ್ತಾರೆ?"

ಗುಬ್ಬಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆಯಿತು. "ಕಾಲುಚೀಲದೊಳಗೆ ಹಾಕ್ಬೇಕು. ದಿನಾ ನಾನೇ ಹಾಕಿ ದಾರ ಕಟ್ಟೋದು. ಅಮ್ಮಂಗೆ ಹೇಳ್ಬೇಡ, ನಗ್ತಾಳೆ ಅಂದ್ರು."

"ಯಾಕಂತೆ?"

"ಕಾಲು ವಾಸನೆ ಬರತ್ತಂತೆ. ವಾಸನೆ ಬಂದ್ರೆ ಅಪ್ಪ ಕಳಿಸಿಬಿಡ್ತಾರಂತೆ."

ಅವಳು ಓಡಿದಳು. ಮಾವ ಕಣ್ಣು ಮುಚ್ಚಿ ಮಲಗಿದ್ದರು. ಮೈ ಕೆಂಡ, ತುಟಿ ಒಣಗಿ ಬಿರಿದಿತ್ತು. ಹಿಂದಿನ ದಿನ ಗಂಜಿ ಬೇಡ ಅಂದದ್ದು ಈಗ ನೆನಪಾಯಿತು. ಹೊದಿಕೆ ಎತ್ತಿದಳು. ಬಲಗಾಲಿಗೆ ಉಣ್ಣೆಯ ಕಾಲುಚೀಲ. ಅದನ್ನು ಕಿತ್ತರೆ ಅದರೊಳಗೆ ಪ್ಲಾಸ್ಟಿಕ್ ಕವರು, ಬಾಯಿಗೆ ಹೊಲಿಗೆದಾರ ಸುತ್ತಿ ಬಿಗಿದದ್ದು. ನರ್ಸರಿಯಿಂದ ಅವಳೇ ತಂದ, ಸಸಿ ನೆಡುವ ಕವರು. ಬೇಡ ಬೇಡ ಎಂದು ಮಾವನ ಎಡಗೈ ಅವಳ ಕೈಯನ್ನು ತಳ್ಳಿತು. ದಾರ ಹರಿದಳು. ಒಳಗೆ ಇನ್ನೊಂದು ಕಾಲುಚೀಲ, ಕಪ್ಪಗೆ ತೊಯ್ದು, ಅದರ ತುಂಬ ಕೊಳೆತ ಗಂಧರಾಜದ ಹೂ. ಆಗ ಬಂದ ವಾಸನೆಗೆ ಬಾಗಿಲಲ್ಲಿ ನಿಂತಿದ್ದ ಗಂಡ ಗೋಡೆ ಹಿಡಿದುಕೊಂಡ. ಹಿಮ್ಮಡಿ ಇರಲಿಲ್ಲ. ಹಿಮ್ಮಡಿ ಇರಬೇಕಾದಲ್ಲಿ ಗುಂಡಿಯಿತ್ತು. ಕಪ್ಪು ಬಣ್ಣ ಪಾದ ದಾಟಿ ಮೇಲಕ್ಕೆ ಹತ್ತಿತ್ತು.

"ನೋವಾಗ್ಲಿಲ್ವಾ ಮಾವ? ಅಯ್ಯೋ, ಇಷ್ಟು ದಿನ ನೋವಾಗ್ಲಿಲ್ವಾ?"

"ಆ ಕಾಲು ಯಾವತ್ತೋ ಸತ್ತಿದೆ ತಾಯಿ. ನೋವೆಲ್ಲಿಂದ ಬರಬೇಕು?" ಅಂದರು. ಆಮೇಲೆ ಮಗನ ಕಡೆ ನೋಡಿ, "ಕಿಟಕಿ ತೆಗೀರಿ. ವಾಸನೆ ಹೋಗತ್ತೆ," ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದವರೇ ತಲೆಯಾಡಿಸಿದರು. ತೊಡೆಯವರೆಗೂ ಕತ್ತರಿಸಬೇಕು, ಆದರೆ ವಿಷ ರಕ್ತಕ್ಕೆ ಏರಿದೆ, ಕತ್ತರಿ ಹಾಕಿದರೂ ಉಳಿಯುತ್ತಾರೆ ಅನ್ನುವ ಧೈರ್ಯ ಇಲ್ಲ ಅಂದರು. ಕೈಗವಸು ಕಳಚುತ್ತ, ಬೈಯಲೂ ಬೇಸರ ಎನ್ನುವ ದನಿಯಲ್ಲಿ ಕೇಳಿದರು:

"ಅಲ್ರೀ, ಮನೆ ತುಂಬ ಜನ ಇದೀರಿ. ಇಷ್ಟು ದಿನ ಒಬ್ಬರಿಗೂ ವಾಸನೆ ಬರಲಿಲ್ವಾ?"

ಡಾಕ್ಟರು ಹೋದ ಮೇಲೆ ಅತ್ತೆ ಸೊಸೆಯ ಮುಖ ನೋಡಿದರು. ಬಹಳ ದಿನಗಳ ಮೇಲೆ ನೇರವಾಗಿ.

"ನೀನು ತೊಳೀತಿದ್ಯಲ್ಲೇ?"

"ನೀವು ತೊಳೀತಿದ್ರಲ್ಲ ಅತ್ತೆ?"

ಅಲ್ಲಿಗೆ ಇಬ್ಬರಿಗೂ ತಿಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಮೂವರೂ ಸರದಿಯಲ್ಲಿ ಮಾವನ ಪಕ್ಕ ಕೂತರು. ಗಂಡ ಗೋಡೌನಿಗೆ ರಜೆ ಹಾಕಿ ಅಪ್ಪನ ಬಾಯಿ ಒರೆಸಿದ, ಉಚ್ಚೆಯ ಚೀಲ ಖಾಲಿ ಮಾಡಿದ. ಮೂಗು ಮುಚ್ಚಿಕೊಳ್ಳಲಿಲ್ಲ. ಮಾವನಿಗೆ ಅದು ಯಾವುದೂ ಗೊತ್ತಾಗಲಿಲ್ಲ. ಆ ವಾರ ದಾಟಲಿಲ್ಲ ಅವರು.

ಊಟ ಮತ್ತೆ ಅಡುಗೆಮನೆಯ ನೆಲಕ್ಕೆ ಬಂತು. ನಡುಮನೆಯ ಮೇಜಿನ ಮುಂದೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಗುಬ್ಬಿ ಅರ್ಧ ಊಟ ಬಿಟ್ಟು ಏಳುತ್ತಿತ್ತು. ಕೈಯನ್ನು ಪದೇ ಪದೇ ಸೋಪು ಹಾಕಿ ತೊಳೆಯುತ್ತಿತ್ತು. "ನಾನು ಮೊದಲೇ ಹೇಳಿದ್ರೆ ತಾತ ಇರ್ತಿದ್ರಾ ಅಮ್ಮ?" ಎಂದು ಒಂದು ದಿನ ಕೇಳಿತು. "ನಿಂದೇನೂ ತಪ್ಪಿಲ್ಲ ಮಗಳೇ. ನೋಡಬೇಕಾದವಳು ನಾನು," ಅಂದಳು ತಾಯಿ. ಎಲೆ ಮಗುಚಿ ಮಗುಚಿ ನೋಡಿದವಳು ಹೊದಿಕೆ ಎತ್ತಿ ನೋಡಲಿಲ್ಲವಲ್ಲ.

ಗಿಡ ಮಾತ್ರ ಯಾರ ಹಂಗೂ ಇಲ್ಲದೆ ಎರಡನೆಯ ಸುತ್ತಿನ ಮೊಗ್ಗು ಬಿಟ್ಟಿತು. ಮೊದಲ ಹೂ ಅರಳಿದ ದಿನ ಗಂಡ ತುತ್ತನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಓಡಿ ವಾಂತಿ ಮಾಡಿದ.

"ಅದನ್ನ ಕಡಿದು ಹಾಕು," ಅಂದ ಬಂದು. "ನನ್ನ ಕೈಲಿ ಆಗಲ್ಲ."

"ಗಿಡ ಏನ್ರೀ ಮಾಡಿತ್ತು ಪಾಪ?" ಅಂದಳು. ಅಂದದ್ದು ನಿಜವೇ. ಅಲ್ಲದೆ ಮಾವ ಕಡೆಯ ದಿನಗಳಲ್ಲಿ ಕಣ್ತುಂಬ ನೋಡಿದ್ದು ಅದನ್ನೇ. ಕಡಿಯಲು ಅವಳಿಗೆ ಕೈ ಏಳಲಿಲ್ಲ.

ಆ ಹೊತ್ತಿಗೆ ಅತ್ತೆಯ ಮಂಡಿ ಪೂರ್ತಿ ಕೈಕೊಟ್ಟಿತ್ತು. ನೆಲದ ಮೇಲೆ ಮಲಗಿದರೆ ಏಳಲಾಗುತ್ತಿರಲಿಲ್ಲ. ಬೇರೆ ಮಂಚ ಇಲ್ಲ. ಮಾವನ ಮಂಚಕ್ಕೇ ಹೊಸ ಹಾಸಿಗೆ ಹಾಕಿ ಅವರನ್ನು ಮಲಗಿಸಿದರು. ಮಧ್ಯಾಹ್ನ ಸೊಸೆ ನರ್ಸರಿಯಿಂದ ಬಂದು ಚಹಾ ಕೊಡಲು ಹೋದಾಗ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸರಳಿನಾಚೆ ಗಿಡ ತುಂಬ ಬಿಳಿ ಹೂ.

"ಕುಡೀರಿ ಅತ್ತೆ, ಆರತ್ತೆ."

ಅತ್ತೆ ಲೋಟ ತೆಗೆದುಕೊಳ್ಳಲಿಲ್ಲ. "ಹಾರೆ ಎಲ್ಲಿದೆ?" ಅಂದರು.

"ಯಾಕತ್ತೆ?"

"ಈ ಗಿಡ ಕೀಳು. ಬುಡಸಮೇತ ಕೀಳು. ಇವತ್ತೇ."

"ನಿಮಗೂ ಈ ವಾಸನೆ ಆಗಲ್ವಾ?"

"ಆಗತ್ತೆ. ಚೆನ್ನಾಗೇ ಇದೆ." ಅತ್ತೆ ಅವಳ ಮುಂಗೈ ಹಿಡಿದುಕೊಂಡರು, ಬಿಗಿಯಾಗಿ. "ನಾಳೆ ನಾನೂ ಇದೇ ಮಂಚ ಹಿಡಿಯೋಳು ಕಣೇ. ನಾನು ನಾತ ಹೊಡೀಬೇಕು. ನಾತ ಹೊಡೆದ್ರೇನೇ ನೀವು ಒಳಗೆ ಬರೋದು."

"ಹಾಗನ್ಬೇಡಿ ಅತ್ತೆ. ನಾನಿದೀನಲ್ಲ, ದಿನಾ ನೋಡ್ತೀನಿ."

"ಅವರಿಗೂ ನಾವಿಬ್ಬರೂ ಇದ್ವಿ," ಅಂದರು ಅತ್ತೆ.

ಸೊಸೆ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹಾರೆ ತರಲು ಹೋದಳು.